ಗೇಜಪ್ಪ ಮತ್ತು ನಾಲ್ಕು ಹೊಸ ಪ್ಲಗ್ಗು

ನನ್ನ ಗಂಡನ ಅಣ್ಣನಿಗೆ ಬೀದಿಯವರು ಇಟ್ಟಿರುವ ಹೆಸರು ಗೇಜಪ್ಪ. ಮನೆಗೆ ಹಿರಿಯರು, ನನಗೆ ಭಾವ, ಎದುರಿಗೆ ಹಾಗೆ ಕರೆಯುವಂತಿಲ್ಲ. ಮನಸ್ಸಿನಲ್ಲಿ ಕರೆಯುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಗೇಜು ಇರುತ್ತದೆ. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ತೆಳ್ಳನೆಯ ಉಕ್ಕಿನ ಪಟ್ಟಿಗಳು. ಎರಡು ಲೋಹದ ನಡುವಿನ ಸಂದು ಅಳೆಯುವುದಕ್ಕೆ. ಮದುವೆಮನೆಗೂ ಅದು ಹೋಗುತ್ತದೆ. ನಾನು ಹೆತ್ತು ಮಲಗಿದ್ದಾಗ ನೋಡಲು ಬಂದವರು, ಮಗುವಿನ ಮುಖ ನೋಡುವ ಮೊದಲು ಬಗ್ಗಿ, ಮಂಚದ ಕೀಲಿನೊಳಗೆ ಪಟ್ಟಿ ತೂರಿಸಿ, "ಸಡಿಲ ಇದೆಯಲ್ಲಮ್ಮ" ಎಂದಿದ್ದರು.

ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ದುಡಿದವರು. ಯಾರಾದರೂ ಕೇಳಿದರೆ "ಡಿಪೋದಲ್ಲಿದ್ದೆ" ಅನ್ನುತ್ತಾರೆ, ಅಷ್ಟೇ. ಕೇಳಿದವರು ಮೆಕ್ಯಾನಿಕ್ ಅಂದುಕೊಳ್ಳುತ್ತಾರೆ. ಇವರು ತಿದ್ದುವ ಗೋಜಿಗೆ ಹೋಗುವುದಿಲ್ಲ. ನಿಜಕ್ಕೂ ಅವರು ಕೂತಿದ್ದು ಸ್ಟೋರಿನ ಕಿಂಡಿಯ ಹಿಂದೆ. ಚೀಟಿ ತೆಗೆದುಕೊಂಡು ಸಾಮಾನು ಕೊಡುವ ಕೆಲಸ. ಮೇಲಾಗಿ ಆ ಬಸ್ಸುಗಳೆಲ್ಲ ಡೀಸೆಲ್ಲಿನವು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲವಂತೆ! ಭಾವ ತಮ್ಮ ಜೀವಮಾನದಲ್ಲಿ ಬಿಚ್ಚಿ ಹಾಕಿರುವುದು ಒಂದೇ ಒಂದು ಪ್ಲಗ್ಗು, ತಮ್ಮ ಹಳೆಯ ಸ್ಕೂಟರಿನದು. ಅದನ್ನು ಪ್ರತಿ ಭಾನುವಾರ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಗೇಜಿನಲ್ಲಿ ಅಳೆದು ಹಾಕುತ್ತಿದ್ದರು. ಸೋಮವಾರ ತಳ್ಳಿಕೊಂಡು ಹೋಗುತ್ತಿದ್ದರು. ಇದನ್ನು ಹೇಳಿದ್ದು ಅವರ ಹೆಂಡತಿ, ನನ್ನ ಓರಗಿತ್ತಿ ಅಕ್ಕ.

ನನ್ನ ಮಗಳು ಪುಟ್ಟಿಗೆ ಈಗ ಎರಡು ತಿಂಗಳು. ಹುಟ್ಟುವಾಗಲೇ ಎಡಗಾಲಿನ ಪಾದ ಒಳಕ್ಕೆ ತಿರುಚಿಕೊಂಡಿತ್ತು. ಡಾಕ್ಟರು ಗುರುವಾರ ಗುರುವಾರ ಹಳೆಯ ಪ್ಲಾಸ್ಟರ್ ಬಿಚ್ಚಿ, ಪಾದವನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿ, ಹೊಸದು ಹಾಕುತ್ತಾರೆ. ನಾಲ್ಕು ಮುಗಿದಿತ್ತು. "ಒಂದು ವಾರಾನೂ ತಪ್ಪಿಸಬೇಡಿ. ಮಗು ಬೆಳೀತಾ ಇರುತ್ತೆ, ಪ್ಲಾಸ್ಟರ್ ಬೆಳೆಯಲ್ಲ" ಅಂದಿದ್ದರು. ತಪ್ಪಿದರೆ ತಿದ್ದಿದ ಕಾಲು ಹಿಂದಕ್ಕೆ ತಿರುಗಬಹುದು. ಆಸ್ಪತ್ರೆ ನಲವತ್ತು ಕಿಲೋಮೀಟರ್ ಆಚೆ, ನಡುವೆ ಉದ್ದನೆಯ ಏರು. ಎರಡು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿರುತ್ತಾರೆ. ನಮ್ಮ ಕಡೆ ಕರೆದಾಗ ಬರುವ ಬಾಡಿಗೆ ಗಾಡಿಯೂ ಇಲ್ಲ. ಇರುವುದು ನಮ್ಮದೇ ಹಳೆಯ ಕಾರು.

ನಾಲ್ಕನೆಯ ಗುರುವಾರ ಆ ಕಾರು ಏರಿನಲ್ಲಿ ಮುಗ್ಗರಿಸತೊಡಗಿತು. ಸಿಗ್ನಲ್ಲಿನಲ್ಲಿ ನಿಂತರೆ ಚಳಿಜ್ವರ ಬಂದವರ ಹಾಗೆ ನಡುಕ. ಮನೆಗೆ ಬಂದು, ಮಗುವಿಗೆ ಹಾಲು ಕೊಡುತ್ತ, ಕಾರಿನ ಜೊತೆ ಬಂದ ಪುಸ್ತಕವನ್ನು ಮೊದಲ ಸಲ ಓದಿದೆ. ಲಕ್ಷ ಕಿಲೋಮೀಟರಿಗೊಮ್ಮೆ ಪ್ಲಗ್ ಬದಲಿಸಿ ಎಂದಿತ್ತು. ನಮ್ಮದು ಲಕ್ಷದ ಹನ್ನೆರಡು ಸಾವಿರ ದಾಟಿತ್ತು. ಪ್ಲಗ್ಗಿನ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಬಿಡಿಭಾಗದ ಅಂಗಡಿಗೆ ಹೋದೆ.

ಅಂಗಡಿಯವರು ನಾಲ್ಕು ಡಬ್ಬಿ ಇಟ್ಟರು. "ಇರಿಡಿಯಂ ಲೋಹ ಕಣಮ್ಮ, ಸುಮ್ನೆ ಸವೆಯೋ ಜಾತಿ ಅಲ್ಲ. ತುದಿ ನೋಡಿ, ಸೂಜಿಗಿಂತ ಸಣ್ಣ. ಸಂದು ಕಾರ್ಖಾನೇಲೇ ಅಳತೆ ಮಾಡಿ ಕಳಿಸಿರ್ತಾರೆ. ಯಾರೂ ಅದನ್ನ ಮುಟ್ಟಬಾರದು."

ಅಗ್ಗದವೂ ಇದ್ದವು. ಮೂರು ಪಟ್ಟು ಬೇಗ ಸವೆಯುವುದನ್ನು ಕೊಂಡು, ಕೈಗೂಸು ಕಟ್ಟಿಕೊಂಡು ಮೂರು ಸಲ ಗ್ಯಾರೇಜಿಗೆ ಅಲೆಯುವ ಆಸೆ ನನಗಿರಲಿಲ್ಲ. ಪುಸ್ತಕ ಹೇಳಿದ್ದನ್ನೇ ತಂದೆ.

ಗ್ಯಾರೇಜಿಗೆ ಕೊಡೋಣ ಎಂದರೆ ನನ್ನ ಗಂಡ, "ಅಣ್ಣ ಇರುವಾಗ ಗ್ಯಾರೇಜು ಯಾಕೆ? ಬೇಜಾರು ಮಾಡ್ಕೋತಾರೆ" ಅಂದರು. ಅಣ್ಣನ ಬೇಜಾರಿಗೆ ಈ ಮನೆಯಲ್ಲಿ ಇರುವ ಬೆಲೆ ಎಂಜಿನ್ನಿಗಿಲ್ಲ. ನನ್ನ ಗಂಡನ ರಜೆ ಬೇರೆ ಮುಗಿದಿತ್ತು, ಹಗಲು ಪಾಳಿ. ಐದನೆಯ ಪ್ಲಾಸ್ಟರಿಗೆ ಮಗು ಹಿಡಿಯಲು ಬರುವವರೂ ಭಾವನೇ. ನಾನು ಬಾಯಿ ಮುಚ್ಚಿಕೊಂಡೆ. ಅದು ನನ್ನ ತಪ್ಪು.

ಬುಧವಾರ ಮಧ್ಯಾಹ್ನ ಭಾವ ಅಂಗಳದಲ್ಲಿ ಹಳೆಯ ಪೇಪರು ಹಾಸಿ ಕೂತರು. ಹಳೆಯ ಪ್ಲಗ್ಗುಗಳನ್ನು ಬಿಚ್ಚಿದ್ದಾಗಿತ್ತು. ಅಷ್ಟು ಮಾಡುವುದಕ್ಕೆ ಬೀದಿಯ ಇಬ್ಬರನ್ನು ಕರೆದು ನಿಲ್ಲಿಸಿಕೊಂಡಿದ್ದರು. ನೋಡುವವರಿಲ್ಲದೆ ಅವರು ಬಲ್ಬು ಸಹ ಬದಲಿಸುವವರಲ್ಲ. ಹೊಸದೊಂದನ್ನು ಬೆಳಕಿಗೆ ಹಿಡಿದು ಮೂಗು ಮುರಿದರು.

"ಇದೇನಮ್ಮ ಇದು, ಸೊಳ್ಳೆ ಮೂತಿ? ಇದರಲ್ಲಿ ಏನು ಕಿಡಿ ಬರುತ್ತೆ? ದುಡ್ಡು ಕಿತ್ಕೊಳ್ಳೋಕೆ ನಿನ್ನಂಥೋರನ್ನೇ ಕಾಯ್ತಿರ್ತಾರೆ."

"ಪುಸ್ತಕದಲ್ಲಿ ಇದೇ ನಂಬರ್ ಇದೆ ಭಾವ."

"ಪುಸ್ತಕ ಓದಿ ಈಜು ಕಲಿತೋರನ್ನ ನೋಡಿದೀಯಾ?"

ಬೀದಿಯ ಇಬ್ಬರೂ ನಕ್ಕರು. ಭಾವನಿಗೆ ಹುರುಪು ಬಂತು. ಗೇಜು ಬಿಚ್ಚಿದರು, ಪಟ್ಟಿ ತೂರಿಸಿದರು. "ನೋಡಿ, ಸಂದು ಜಾಸ್ತಿ! ಕಾರ್ಖಾನೇಲಿ ಯಾವನೋ ನಿದ್ದೇಲಿ ಮಾಡಿರೋದು."

"ಭಾವ, ಡಬ್ಬಿ ಮೇಲೇ ಬರೆದಿದೆ, ಸಂದು ಮುಟ್ಟಬೇಡಿ ಅಂತ."

"ಹಾಲಿನ ಪ್ಯಾಕೆಟ್ ಮೇಲೆ ಗಟ್ಟಿ ಹಾಲು ಅಂತ ಬರೆದಿರುತ್ತಲ್ಲಮ್ಮ, ನಂಬ್ತೀಯಾ?"

ಇಕ್ಕಳದ ತುದಿಯನ್ನು ಆ ಸೂಜಿ ಮೊನೆಗೆ ಆನಿಸಿಕೊಂಡೇ ಒತ್ತಿದರು, ಅಳೆದರು, ಮತ್ತೆ ಒತ್ತಿದರು. ನಾಲ್ಕಕ್ಕೂ ಅದೇ ಸೇವೆ. ಕೊನೆಗೆ ಹೊಸ ಪ್ಲಗ್ಗುಗಳನ್ನೇ ಮರಳು ಕಾಗದದಲ್ಲಿ ಉಜ್ಜಿದರು. ಸ್ಕೂಟರಿನ ಕಾಲದ ಭಾನುವಾರ ಅವರ ಕೈಬೆರಳುಗಳಲ್ಲಿ ಇನ್ನೂ ಮುಗಿದಿಲ್ಲ. ನನಗೆ ಕಿತ್ತುಕೊಳ್ಳುವಷ್ಟು ಸಿಟ್ಟು, ಆದರೆ ಒಳಗೆ ಪುಟ್ಟಿ ಎದ್ದು ಅಳುತ್ತಿದ್ದಳು. ಹೋದೆ.

ಹಾಲು ಕುಡಿಸಿ ಬರುವಷ್ಟರಲ್ಲಿ ಎಲ್ಲ ಜೋಡಿಸಿ, ಕಾರು ಶುರು ಮಾಡಿದ್ದರು. ಮೊದಲು ಬರೀ ನಡುಗುತ್ತಿದ್ದ ಗಾಡಿ ಈಗ ಮೂರು ಕಾಲಿನ ಎತ್ತಿನ ಹಾಗೆ ಕುಂಟುತ್ತಿತ್ತು. ಎಂಜಿನ್ ದೀಪ ಪಿಳಿಪಿಳಿ ಅನ್ನುತ್ತಿತ್ತು.

"ಹೊಸಾದು, ಸೆಟ್ ಆಗ್ಬೇಕು," ಎಂದರು ಭಾವ. "ನೂರು ಕಿಲೋಮೀಟರ್ ಓಡಲಿ, ಬೆಣ್ಣೆ ಥರ ಆಗುತ್ತೆ."

"ನಾಳೆ ಬೆಳಿಗ್ಗೆ ಏರು ಹತ್ತಬೇಕು ಭಾವ."

"ಹತ್ತಲಿಲ್ಲ ಅಂದ್ರೆ ಮುಂದಿನ ವಾರ ಹೋದ್ರಾಯ್ತು. ಕಾಲೇನು ಓಡಿಹೋಗುತ್ತಾ?"

ಬೀದಿಯ ಇಬ್ಬರೂ ಈ ಸಲ ನಗಲಿಲ್ಲ. ಭಾವ ಕೈ ತೊಳೆದು, ಚಹಾ ಕುಡಿದು, ಮಲಗಲು ಹೋದರು.

ಅವರ ಗೊರಕೆ ಶುರುವಾದ ಮೇಲೆ ಅಕ್ಕ ಸಾಮಾನಿನ ಪೆಟ್ಟಿಗೆ ತಂದು ನನ್ನ ಕಾಲ ಬಳಿ ಇಟ್ಟರು. "ಇವರು ಗೋಡೆ ಗಡಿಯಾರ ರಿಪೇರಿ ಮಾಡಿದ ದಿನದಿಂದ ನಮ್ಮನೇಲಿ ಯಾವಾಗ್ಲೂ ನಾಲ್ಕೂ ಹತ್ತು ಕಣೇ. ನೀನೇ ಬಿಚ್ಚು. ಮಗೂನ ನಾನು ನೋಡ್ಕೋತೀನಿ."

ಎಂಜಿನ್ ಪೂರ್ತಿ ತಣ್ಣಗಾಗಲಿ ಎಂದು ಕಾದೆ. ಅಷ್ಟರಲ್ಲಿ ಪುಸ್ತಕದ ಆ ಪುಟವನ್ನು ಮೂರು ಸಲ ಓದಿಕೊಂಡೆ. ಪ್ರತಿ ಪ್ಲಗ್ಗಿನ ತಲೆಯ ಮೇಲೆ ಅದಕ್ಕೆ ಕರೆಂಟು ಕೊಡುವ ಒಂದು ಕಾಯಿಲ್ ಕೂತಿರುತ್ತದೆ. ಅದರ ಬೋಲ್ಟು ಬಿಚ್ಚಿ, ವೈರು ಕಳಚಿ, ಮೇಲಕ್ಕೆ ಎಳೆಯಬೇಕು. ಉದ್ದನೆಯ ಪ್ಲಗ್ ಪಾನಾ ಇಳಿಸಿ ತಿರುಗಿಸಿದರೆ ಕೆಳಗಿನ ಪ್ಲಗ್ಗು ಸಡಿಲವಾಗುತ್ತದೆ. ಇಷ್ಟೇ ವಿದ್ಯೆ. ಇದಕ್ಕೆ ಮೂವತ್ತೊಂದು ವರ್ಷದ ಬಿಲ್ಡಪ್ಪು.

ಮೂರನೆಯದನ್ನು ತೆಗೆದಾಗ ಸೂಜಿ ಮೊನೆಯೇ ಇರಲಿಲ್ಲ. ಸುತ್ತಲಿನ ಬಿಳಿ ಪಿಂಗಾಣಿಯೂ ಬಿರಿದಿತ್ತು. ಆ ಚೂರು ಎಂಜಿನ್ನಿನೊಳಗೆ ಬಿದ್ದಿದ್ದರೆ ಗಾಡಿಗೇ ಕುತ್ತು. ಅಂಗಳದಲ್ಲಿ ಮಡಚಿಟ್ಟಿದ್ದ ಪೇಪರನ್ನು ಬಿಡಿಸಿ, ಮರಳಿನ ಪುಡಿಯನ್ನು ಬೆರಳಲ್ಲಿ ಸವರಿ ಸವರಿ ನೋಡಿದೆ. ಸಿಕ್ಕಿತು, ಎಳ್ಳಿಗಿಂತ ಚಿಕ್ಕದು. ಭಾವ ಒತ್ತುವಾಗಲೇ ಮುರಿದಿತ್ತು. ಅವರಿಗೆ ಕಂಡಿರಲಿಲ್ಲ, ಅಥವಾ ಕಂಡಿತ್ತು.

ಉಳಿದ ಮೂರನ್ನೂ ನಂಬಲಿಲ್ಲ. ಹಳೆಯವು ಸವೆದಿದ್ದವು ನಿಜ, ಆದರೆ ಮುರಿದಿರಲಿಲ್ಲ. ಕಳೆದ ಗುರುವಾರ ನಡುಗುತ್ತಲಾದರೂ ನಮ್ಮನ್ನು ಮುಟ್ಟಿಸಿದ್ದವು. ನಾಲ್ಕನ್ನೂ ಒರೆಸಿ, ಕೈಯಲ್ಲೇ ತಿರುಗಿಸಿ ಕೂರುವ ತನಕ ಕೂರಿಸಿ, ಪಾನಾದಲ್ಲಿ ಚೂರೇ ಚೂರು ಬಿಗಿ ಮಾಡಿದೆ. ಕಾರು ಮತ್ತೆ ತನ್ನ ಹಳೆಯ ಚಳಿಜ್ವರಕ್ಕೆ ಮರಳಿತು. ಅಷ್ಟು ಸಂತೋಷ ನನಗೆ ಬಾಣಂತನದಲ್ಲಿ ಇನ್ಯಾವುದರಿಂದಲೂ ಆಗಿಲ್ಲ.

ಮರುದಿನ ಬೆಳಿಗ್ಗೆ ಭಾವ ಇಸ್ತ್ರಿ ಅಂಗಿ ಹಾಕಿ, ಜೇಬಿಗೆ ಗೇಜು ಸಿಕ್ಕಿಸಿ, ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಬುಟ್ಟಿಸೀಟಿನಲ್ಲಿ ಪುಟ್ಟಿ. ನಾನು ಏರಿನಲ್ಲಿ ಎರಡನೆಯ ಗೇರು ಬಿಡಲಿಲ್ಲ. ಕೆಮ್ಮುತ್ತ, ಮುಗ್ಗರಿಸುತ್ತ ಗಾಡಿ ನೆತ್ತಿ ಮುಟ್ಟಿತು. ಭಾವ ಡ್ಯಾಶ್‌ಬೋರ್ಡಿನ ಮೇಲೆ ಬಡಿದರು.

"ನೋಡ್ದೆಯಾ? ನಾನೇನು ಹೇಳ್ದೆ? ಓಡ್ತಾ ಓಡ್ತಾ ಸೆಟ್ ಆಯ್ತು!"

ನಾನು ಮೂರನೆಯ ಗೇರು ಹಾಕಿದೆ. ಮಗುವನ್ನು ಹಿಡಿಯುವ ಕೈಗೆ ಆಸ್ಪತ್ರೆ ಮುಟ್ಟುವ ಮೊದಲು ಮುನಿಸು ಬರಬಾರದು.

ಡಾಕ್ಟರು ಪ್ಲಾಸ್ಟರ್ ಬಿಚ್ಚಿದರು. ಪಾದ ಮುಕ್ಕಾಲು ಪಾಲು ನೆಟ್ಟಗಾಗಿತ್ತು. ಹೊಸದು ಸುತ್ತುವಾಗ ಭಾವ ಪುಟ್ಟಿಯ ಮೊಣಕಾಲು ಹಿಡಿದು ನಿಂತರು. ಇದನ್ನೂ ಬರೆಯಬೇಕು: ಕೈ ಅಲುಗಲಿಲ್ಲ, ಅವಳು ಅಳಲೂ ಇಲ್ಲ. ಅಂಗಡಿಯವರೂ ನಾನೂ ಡಬ್ಬಿಯೂ ಬೇಡಬೇಡ ಎಂದರೂ ಸುಮ್ಮನಿರದ ಆ ಕೈ, ಇಲ್ಲಿ ಹೇಳಿದಷ್ಟು ಹೊತ್ತು ಹೇಳಿದ ಹಾಗೇ ಇತ್ತು.

"ಇನ್ನೊಂದೇ ಬಾಕಿ," ಅಂದರು ಡಾಕ್ಟರು. "ಮುಂದಿನ ಗುರುವಾರ ತಪ್ಪಿಸಬೇಡಿ."

ಕಾರಿಗೆ ಬಂದ ಮೇಲೆ ಮುರಿದ ಪ್ಲಗ್ಗನ್ನು ಚೀಲದಿಂದ ತೆಗೆದು ಭಾವನ ಅಂಗೈಲಿ ಇಟ್ಟೆ.

"ನಿನ್ನೆ ನೀವು ಹಾಕಿದ್ದರಲ್ಲಿ ಇದೊಂದು. ಈಗ ಓಡ್ತಿರೋದು ಹಳೇದೇ, ನಾನೇ ವಾಪಸ್ ಹಾಕಿದೆ. ಸಂಜೆ ಹೊಸಾದು ತಂದು ಗ್ಯಾರೇಜಲ್ಲಿ ಹಾಕಿಸ್ತೀನಿ. ಮುಂದಿನ ಗುರುವಾರದವರೆಗೆ ನೀವು ಬಾನೆಟ್ ಮುಟ್ಟೋ ಹಾಗಿಲ್ಲ ಭಾವ."

ಪ್ಲಗ್ಗನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಿವಿ ಕೆಂಪಾಯಿತು. "ಕಳಪೆ ಮಾಲು," ಅಂದರು. ನಾನು ಕಾರು ಶುರು ಮಾಡಿದೆ. "ಹಾಗಾದ್ರೆ ಮುಂದಿನ ವಾರ ನಾನ್ಯಾಕೆ ಬರ್ಲಿ?"

"ಮಗೂನ ಹಿಡ್ಕೊಳ್ಳೋಕೆ. ಅದು ನಿಮಗೆ ಚೆನ್ನಾಗಿ ಬರುತ್ತೆ."

ಇಳಿಜಾರು ಶುರುವಾಗುವ ಹೊತ್ತಿಗೆ ಭಾವ ಗಂಟಲು ಸರಿಮಾಡಿಕೊಂಡರು.

"ನೋಡಮ್ಮ, ಮಗು ಹಿಡಿಯೋದಕ್ಕೂ ಒಂದು ಟೆಕ್ನಿಕ್ಕಿದೆ. ನಿಮಗೆಲ್ಲ ಅದು ಗೊತ್ತಾಗಲ್ಲ."

ಮನೆ ಮುಟ್ಟುವ ತನಕ ಅದನ್ನೇ ವಿವರಿಸಿದರು.