ಜಾಗ ನೋಡುವ ಮುರಳೀಧರ ಮೇಷ್ಟ್ರು

ಕೆರೆದಂಡೆಯಲ್ಲಿ ಎರಡು ದಿನ ತಂಗಲು ಜಾಗ ಆರಿಸುವುದೆಂದರೆ ಮುರಳೀಧರ ಮೇಷ್ಟ್ರಿಗೆ ಹೆಣ್ಣು ನೋಡಲು ಹೋದಂತೆ; ಮೂರು ಸಲ ಬಂದರೂ ಒಪ್ಪಿಗೆ ಹೇಳುವವರಲ್ಲ. ಹೆಮ್ಮರಗಾಲ ಊರಿನ ಆಚೆ, ಕೆರೆ ಪಕ್ಕದ ಪ್ರವಾಸಿ ಕ್ಯಾಂಪ್ ನೋಡಿಕೊಳ್ಳುವ ಮಾದಮ್ಮನಿಗೆ ಅವರ ಸ್ಕೂಟರಿನ ಸದ್ದು ಕೇಳಿದರೇ ಸೊಂಟ ಹಿಡಿಯುತ್ತಿತ್ತು. ಹಾಸಿಗೆ, ಒಲೆ ಎಲ್ಲ ಇರುವ ವ್ಯಾನು ಬಾಡಿಗೆಗೆ ಹಿಡಿದು ಸಂಸಾರಸಮೇತ ಬರುತ್ತಾರಂತೆ. ಅದಕ್ಕಾಗಿ ಹುಣಸೆಮರದ ನೆರಳು ಎಲ್ಲಿಗೆ ಸರಿಯುತ್ತದೆಂದು ಕಡ್ಡಿ ನೆಟ್ಟು ಕಾಯುವರು, ನೆಲ ಇಳಿಜಾರೇ ಎಂದು ನಿಂಬೆಹಣ್ಣು ಉರುಳಿಸುವರು, ಕಪ್ಪೆಗಳು ಎಷ್ಟು ಹೊತ್ತು ಕೂಗುತ್ತವೆಂದೂ ವಿಚಾರಿಸುವರು. ಕೊನೆಗೆ, “ತಲಕಾಡಿನ ಕಡೇನೂ ಒಂದು ನೋಡಿದೀನಮ್ಮ, ಯೋಚಿಸಿ ಹೇಳ್ತೀನಿ” ಎಂದು ಹೊರಟುಬಿಡುವರು. ನಾಲ್ಕನೆಯ ಸಲ ಬಂದು ಬಾತ್‌ರೂಮಿನ ಬೀಗ ತೆಗೆಸಿ, ಬಾಗಿಲಿಗೆ ಗೇಣು ಹಾಕುತ್ತ ನಿಂತಾಗ ಅವಳಿಗೆ ರೇಗಿತು. “ಇನ್ನೂ ಏನ್ ಅಳೀತೀರ ಸಾ?” ಮೇಷ್ಟ್ರು ಸೋತವರಂತೆ ಕಟ್ಟೆಯ ಮೇಲೆ ಕೂತರು. “ಮಗಳ ವೀಲ್‌ಚೇರು ಕಣಮ್ಮ. ಎಲ್ಲಿ ಹೋದರೂ ಬಾತ್‌ರೂಮಿನ ಬಾಗಿಲು ಎರಡು ಬೆರಳು ಸಾಲದೆ ಬರುತ್ತೆ. ಕೆರೆ ಪಕ್ಕ ಮಲಗಬೇಕು ಅಂತ ಅವಳಿಗೆ ಆಸೆ.” ಮಾದಮ್ಮ ಬಾಗಿಲ ಕೀಲಿನ ತಿರುಪುಗಳನ್ನು ಮುಟ್ಟಿ ನೋಡಿದಳು. “ಬಾಗ್ಲ ಕಿತ್ತಾಕಿ ಸೀರೆ ಇಳೇಬಿಟ್ರೆ ಅಗ್ಲ ಆಯ್ತದೆ. ಮಗೀನ ಕರ್ಕಬನ್ನಿ ಸಾ” ಎಂದವಳೇ ತಿರುಪು ಬಿಚ್ಚಲು ಚಾಕು ತರಹೋದಳು.