ಪರೀಕ್ಷೆಗೆ ಕರೆದ ಹೆಸರು

ಅಮೆರಿಕದ ಮೂಲನಿವಾಸಿಗಳಾದ ನಮ್ಮ ನವಾಹೋ ಸೀಮೆಯಲ್ಲಿ ಮನೆಗಳಿಗೆ ನಂಬರಿಲ್ಲ. ನೀರಿನ ಟ್ಯಾಂಕು ದಾಟಿ, ಕೆಟ್ಟು ನಿಂತ ನೀಲಿ ಟ್ರಕ್ಕಿನ ಹತ್ತಿರ ಎಡಕ್ಕೆ ಅಂದರೆ ಅದೇ ವಿಳಾಸ. ಅದರ ಮಾಲೀಕ ಪುಣ್ಯಾತ್ಮ ಟ್ರಕ್ಕು ರಿಪೇರಿ ಮಾಡಿಸಿದರೆ ಅರ್ಧ ಊರು ದಾರಿ ತಪ್ಪುತ್ತದೆ. ಇಂಥಲ್ಲಿಗೆ, ಮಗು ಕಾಣೆಯಾದರೆ ಎಲ್ಲರ ಫೋನಿಗೂ ರೇಡಿಯೋಗೂ ಒಮ್ಮೆಗೇ ಸುದ್ದಿ ಮುಟ್ಟಿಸುವ ವ್ಯವಸ್ಥೆಗೆಂದು ವಾಷಿಂಗ್ಟನ್ನಿನಿಂದ ಅನುದಾನ ಬಂತು. ಯಂತ್ರ ನೋಡಿಕೊಳ್ಳುವುದು ಠಾಣೆಯ ಡೆಲ್ಫೀನಾ ಸ್ಕೀಟ್, ರೇಡಿಯೋದಲ್ಲಿ ಓದುವುದು ನಾನು. ನನ್ನ ದನಿಗೆ ಕುರಿಗಳೂ ತೂಕಡಿಸುತ್ತವೆ ಎಂದು ಅವಳ ಅಭಿಪ್ರಾಯ.

ಡೆಲ್ಫೀನಾ ನನ್ನ ಚಿಕ್ಕಮ್ಮನ ಮಗಳು, ಐವತ್ತು ದಾಟಿದವಳು. ಮಾತು ಕಡಿಮೆ. ಅವಳ ತಂಗಿ ಎಂಟು ವರ್ಷದವಳಿದ್ದಾಗ ಹಳ್ಳದ ಕಡೆ ಕುರಿ ಮೇಯಿಸಲು ಹೋಗಿದ್ದಳು. ಸಂಜೆ ಕುರಿಗಳು ಬಂದವು, ನಾಯಿ ಬಂತು, ಅವಳು ಬರಲಿಲ್ಲ. ಠಾಣೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಗಾಳಿ ಹೆಜ್ಜೆಗಳನ್ನು ಅಳಿಸಿತ್ತು.

ಸತ್ತವರ ಹೆಸರನ್ನು ನಾವು ಬಾಯಿಗೆ ತರುವುದಿಲ್ಲ, ಕರೆದರೆಂದು ಬಂದುಬಿಟ್ಟಾರು. ಕೆಲವು ವರ್ಷಗಳಾದ ಮೇಲೆ ಚಿಕ್ಕಮ್ಮ ಆ ಹೆಸರು ಹೇಳುವುದನ್ನು ಬಿಟ್ಟರು. ನಾವೂ ಬಿಟ್ಟೆವು.

ಯಂತ್ರದ ಮೊದಲ ಪರೀಕ್ಷೆಗೆ ಒಂದು ಮಗುವಿನ ಹೆಸರು ಬೇಕಿತ್ತು. ಡೆಲ್ಫೀನಾ ಕಳಿಸಿದ್ದು ನನ್ನ ಮುಂದೆ ಬಂತು: ಲೆವೀನಾ ಸ್ಕೀಟ್, ಎಂಟು ವರ್ಷ, ಕೆಂಪು ಸ್ವೆಟರು.

ಫೋನು ಮಾಡಿದೆ. “ಅಕ್ಕಾ, ಇದನ್ನ ಓದ್ಲಾ?”

“ಬದುಕಿರೋ ಮಗು ಹೆಸರು ಹಾಕಿದ್ರೆ ಅದಕ್ಕೆ ಕೇಡು. ಸತ್ತೋರ್ದು ಹಾಕೋ ಹಾಗಿಲ್ಲ. ಎರಡೂ ಅಲ್ದೇ ಇರೋಳು ಇವಳೊಬ್ಳೇ ಕಣೋ.”

“ಚಿಕ್ಕಮ್ಮ ರೇಡಿಯೋ ಹಾಕ್ಕೊಂಡೇ ಇರ್ತಾರೆ.”

“ಗೊತ್ತು. ಓದು.”

ಇದು ಬರೀ ಪರೀಕ್ಷೆ ಎಂದು ಮೊದಲೂ ಕೊನೆಗೂ ಹೇಳಿದೆ. ಯಾರು ಕೇಳಿಸಿಕೊಂಡರು? ಮಧ್ಯಾಹ್ನದೊಳಗೆ ಮುದುಕರೆಲ್ಲ ಟ್ರಕ್ಕು ಹತ್ತಿ ಆ ಹಳೆಯ ಹಳ್ಳದ ಕಡೆ ಹೊರಟಿದ್ದರು. ವಾಪಸು ಕಳಿಸಲು ನಾನೇ ಓಡಬೇಕಾಯಿತು.

ಸಂಜೆ ಇಬ್ಬರೂ ಬೈಗುಳಕ್ಕೆ ತಯಾರಾಗಿ ಚಿಕ್ಕಮ್ಮನ ಮನೆಗೆ ಹೋದೆವು. ಅವರು ಬಯ್ಯಲಿಲ್ಲ. ಕುರಿಮಾಂಸದ ಸಾರು ಬಡಿಸಿದರು. ಇದ್ದವರು ಮೂವರು, ಇಟ್ಟ ಬಟ್ಟಲು ನಾಲ್ಕು.

“ಪರೀಕ್ಷೆ ಮಾಡಿದ್ದು ಚಿಕ್ಕಮ್ಮ, ಅಷ್ಟೇ,” ಎಂದೆ.

“ಹೆಸರು ಹೇಳ್ದೆ ತಾನೇ? ಸತ್ತಿದ್ರೆ ಹೇಳ್ತಿದ್ಯಾ?”

ಡೆಲ್ಫೀನಾ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. ಚಿಕ್ಕಮ್ಮ ಎದ್ದು ಪೂರ್ವದ ಬಾಗಿಲನ್ನು ಪೂರ್ತಿ ತೆರೆದು, ಗಾಳಿಗೆ ಮುಚ್ಚದಂತೆ ಕಲ್ಲು ಒತ್ತಿಟ್ಟು ಬಂದು ಕೂತರು.

ದೊಡ್ಡಿಯಲ್ಲಿ ನಾಯಿ ಬೊಗಳಿತು. ಮೂವರೂ ಆ ಕಡೆ ತಿರುಗಿದೆವು.