ಕೋಲ್ಕತ್ತಾಗೆ ಉಲ್ಕೆಯ ದಾರಿ

ಬೆಳಗಿನ ಐದು ಗಂಟೆ ನಲವತ್ತೆರಡು ನಿಮಿಷ. ಹೊತ್ತು ಇಷ್ಟು ಕರಾರುವಾಕ್ಕಾಗಿ ನೆನಪಿದೆ, ಯಾಕೆಂದರೆ ನನ್ನ ಕಣ್ಣು ಗಡಿಯಾರದ ಮೇಲೆಯೇ ಇತ್ತು. ಹವ್ಯಾಸಿಗಳು ಮನೆಯಿಂದಲೇ ನಡೆಸುವ ಹ್ಯಾಮ್ ರೇಡಿಯೋದಲ್ಲಿ ಉಲ್ಕೆಗಳನ್ನು ನಂಬಿ ಕೂರುವವರು ಹದಿನೈದು ಸೆಕೆಂಡು ಕಳಿಸಬೇಕು, ಮುಂದಿನ ಹದಿನೈದು ಸೆಕೆಂಡು ಸುಮ್ಮನೆ ಕೇಳಬೇಕು. ಮೇಲೆ ಎಲ್ಲೋ ಉಲ್ಕೆಯೊಂದು ಉರಿದು ಗೆರೆ ಎಳೆದರೆ, ನಮ್ಮ ಸಂಕೇತ ಅದಕ್ಕೆ ಬಡಿದು ಸಾವಿರ ಕಿಲೋಮೀಟರ್‌ಗೂ ಆಚೆ ಇಳಿಯುತ್ತದೆ. ಆ ಗೆರೆಯ ಆಯಸ್ಸು ಕಣ್ಣು ಮಿಟುಕಿಸುವಷ್ಟು. ಬೆಳಗಿನ ಜಾವ ಅವು ಹೆಚ್ಚು ಬೀಳುತ್ತವೆ.

ನಾನು ಮುಟ್ಟಬೇಕಿದ್ದದ್ದು ಕೋಲ್ಕತ್ತಾದ ಒಬ್ಬ ನಿವೃತ್ತ ಮೇಷ್ಟ್ರನ್ನು. ಎರಡು ತಿಂಗಳಿಂದ ನಮ್ಮ ಸಂಪರ್ಕ ಮುಕ್ಕಾಲು ದಾರಿಗೆ ಬಂದು ನಿಲ್ಲುತ್ತಿತ್ತು. ರೇಡಿಯೋದಲ್ಲಿ ಹೆಸರಿನ ಬದಲಿಗಿರುವ ಅವರ ಕರೆಗುರುತು ನನಗೆ ಸಿಗುತ್ತಿತ್ತು, ನನ್ನದು ಅವರಿಗೆ. ‘ಎಲ್ಲ ತಲುಪಿತು’ ಎನ್ನುವ ಕೊನೆಯ ಒಪ್ಪಿಗೆ ಮಾತ್ರ ಬರುತ್ತಿರಲಿಲ್ಲ. ಫೋನ್ ಮಾಡಿ ಕೇಳಿಕೊಂಡರೆ ಅದು ನಮ್ಮಲ್ಲಿ ಕಳ್ಳತನ. ಅರ್ಧವಾದದ್ದು ಲೆಕ್ಕಕ್ಕಿಲ್ಲ, ಮರುದಿನ ಮತ್ತೆ ಮೊದಲಿಂದ.

ನಾನಿರುವುದು ಸಿ.ವಿ. ರಾಮನ್ ನಗರದ ಹಿಂದಿನ ಗಲ್ಲಿಯಲ್ಲಿ, ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ. ಮನೆ ಓನರ್ ಇಲ್ಲೇ ಹುಟ್ಟಿದವರು. ಇದೆಲ್ಲ ಹೊಲವಾಗಿದ್ದಾಗ ರಾಗಿ ಬೆಳೆದವರು, ನೀಲಗಿರಿ ಕಡಿದವರು. ಮೋಟರ್ ಹಾಕಿ ಟ್ಯಾಂಕ್ ನೋಡಲು ಬರುತ್ತಿದ್ದವರು ಕ್ರಮೇಣ ನನ್ನ ಜೊತೆಗಾರರಾಗಿಬಿಟ್ಟರು. ನಾನು ಕೇಳುವ ಹದಿನೈದು ಸೆಕೆಂಡಿನಲ್ಲಿ ಕಂಬ ಹಿಡಿದು ಆಂಟೆನಾವನ್ನು ಒಂದಿಷ್ಟು ತಿರುಗಿಸುವುದು ಅವರ ಕೆಲಸ.

ಹಿಂದಿನ ದಿನ ಶಿವಾಜಿನಗರದ ಗುಜರಿಯಿಂದ ಇನ್ನೊಂದು ಅಲ್ಯೂಮಿನಿಯಂ ಪೈಪು ತಂದು ಕಂಬವನ್ನು ಎತ್ತರಿಸಿದ್ದೆ. ತಿರುಗಿಸಲು ಅಡ್ಡ ಬರುತ್ತದೆಂದು ಕಂಬವನ್ನು ಬಿಗಿದಿದ್ದ ಹಿಂಬದಿಯ ಹಗ್ಗವನ್ನು ನಾನೇ ಬಿಚ್ಚಿದ್ದೆ. ಮುಂದುಗಡೆ, ರಸ್ತೆಯ ಮೇಲೆ, ಹೈ ಟೆನ್ಷನ್ ಲೈನ್. ಎಂಜಿನಿಯರಿಂಗ್ ಓದಿದವನು ನಾನು.

“ಎಷ್ಟು ತಿರುಗಿಸ್ಲಪ್ಪಾ?” ಎಂದರು ಓನರ್, ಎರಡೂ ಕೈಯಲ್ಲಿ ಪೈಪು ಹಿಡಿದು.

“ಸ್ವಲ್ಪ ಬಲಕ್ಕೆ ಅಂಕಲ್.”

“ನಿನ್ ಉಲ್ಕೆ ಏನ್ ಸಿಟಿ ಬಸ್ಸಾ, ಸ್ಟಾಪಲ್ಲಿ ಸರಿಯಾಗಿ ನಿಂತ್ಕೊಳಕ್ಕೆ?”

ಅವರಿನ್ನೂ ನಗುತ್ತಿದ್ದರು, ಗಾಳಿ ಬೀಸಿತು. ಕಂಬ ರಸ್ತೆಯ ಕಡೆಗೆ ವಾಲಿತು. ಬಾಗಿಲ ಬಳಿ ಲ್ಯಾಪ್‌ಟಾಪ್ ಮುಂದಿದ್ದ ನಾನು ಎದ್ದು ನಿಂತು ಕೂಗಿದೆ: “ಬಿಡ್ಬೇಡಿ ಅಂಕಲ್! ಹಿಡ್ಕೊಳ್ಳಿ!”

ಅವರು ಬಿಟ್ಟರು. ಬಿಟ್ಟು ಹಿಂದಕ್ಕೆ ಹಾರಿ ದಾಸವಾಳದ ಕುಂಡದ ಮೇಲೆ ಬಿದ್ದರು. ಆಂಟೆನಾ ಲೈನಿಗೆ ತಾಗಿತು. ನೀಲಿ ಬೆಳಕು, ಕಿವಿ ಗುಯ್‌ಗುಟ್ಟಿಸುವ ಸದ್ದು, ಆಮೇಲೆ ಗಲ್ಲಿಗೆ ಗಲ್ಲಿಯೇ ಕತ್ತಲು. ನನ್ನ ಹಿಂದೆ ಮೇಜಿನ ಮೇಲೆ ರೇಡಿಯೋ ಹೊಗೆಯಾಡುತ್ತಿತ್ತು.

ಓನರ್ ಎದ್ದು ಪಂಚೆಯ ಮಣ್ಣು ಕೊಡವಿಕೊಂಡರು. ಮೊಣಕೈ ತರಚಿತ್ತು, ಅಷ್ಟೇ.

“ಬೀಳೋ ಮರನ ಯಾವತ್ತೂ ಹಿಡಿಯಕ್ಕೆ ಹೋಗ್ಬಾರ್ದು ಕಣಪ್ಪಾ. ನೀಲಗಿರಿ ಕಡಿಯೋವಾಗ ನಮ್ಮಪ್ಪ ಕಪಾಳಕ್ಕೆ ಹೊಡ್ದು ಕಲ್ಸಿದ್ದು.”

ಓಡಿ ಬಂದ ಅವರ ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ಸವರಿ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು. “ಇನ್ನೊಂದ್ಸಲ ಆ ಕಂಬ ಎತ್ತಿದ್ರೆ ಇಬ್ರೂ ಮನೆ ಖಾಲಿ ಮಾಡಿ.”

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ನನ್ನದೇ ಕೂಗು. ಕನಸಿನಲ್ಲಿ ಓನರ್ ಪ್ರತಿಸಲವೂ ನನ್ನ ಮಾತು ಕೇಳುತ್ತಿದ್ದರು, ಪೈಪು ಬಿಡುತ್ತಿರಲಿಲ್ಲ. ಬೆವತು ಎದ್ದರೆ ಐದು ನಲವತ್ತೆರಡು. ಇನ್ನು ಸಾಕು, ಕೋಲ್ಕತ್ತಾದ ಮೇಷ್ಟ್ರಿಗೆ ಹೇಳಿಬಿಡುತ್ತೇನೆ ಎಂದು ಓನರ್ ಬಳಿ ಹೇಳಿದೆ.

“ಹಂಗಾದ್ರೆ ನನ್ ಮೊಣಕೈ ಸುಮ್ಸುಮ್ನೆ ತರ್ಚ್ತಾ?” ಎಂದು ಓನರ್ ಸಿಡುಕಿದರು.

ಮುಂದಿನ ಭಾನುವಾರ ಇಬ್ಬರೂ ಬಂಬೂ ಬಜಾರಿನಿಂದ ಒಣ ಬಿದಿರು ತಂದೆವು. ಎತ್ತರ ಮೊದಲಿನ ಅರ್ಧ. ಓನರ್ ಬಿದಿರಿನುದ್ದಕ್ಕೆ ಆಂಟೆನಾದ ಅಳತೆಯನ್ನೂ ಸೇರಿಸಿ ಹಗ್ಗ ಕತ್ತರಿಸಿ, ತಾರಸಿಯ ಹಿಂದಿನ ಮೂಲೆಯಲ್ಲಿ, ಬಿದಿರು ನಿಲ್ಲುವ ಕಡೆ, ಒಂದು ತುದಿ ಒತ್ತಿ ಹಿಡಿದು, ಹೆಂಡತಿಯ ರಂಗೋಲಿ ಪುಡಿಯಿಂದ ಸುತ್ತ ಗೆರೆ ಎಳೆದರು. “ಯಾವ ಕಡೆ ಬಿದ್ರೂ ಇಷ್ಟೇ. ಲೈನ್ ಎಲ್ಲಿ, ಇದೆಲ್ಲಿ!” ನಾಲ್ಕು ಹಗ್ಗ ಕಟ್ಟಿಯಾದ ಮೇಲೆ ಅವರ ಹೆಂಡತಿ ಬಂದು ಒಂದೊಂದನ್ನೂ ಜಗ್ಗಿ ನೋಡಿ ‘ಹೂಂ’ ಎಂದರು. ಆಂಟೆನಾದ ದಿಕ್ಕನ್ನು ಮೊದಲೇ ಗೊತ್ತುಮಾಡಿ ಬಿಗಿಯುವುದು, ಆಮೇಲೆ ಗೆರೆಯೊಳಗೆ ಯಾರೂ ಕಾಲಿಡಬಾರದು. ರೇಡಿಯೋವನ್ನು ಬೆನ್ಸನ್ ಟೌನಿನ ಹಿರಿಯ ಹ್ಯಾಮ್ ಹವ್ಯಾಸಿಯೊಬ್ಬರು ಕೈಗಡ ಕೊಟ್ಟರು.

ಎಲ್ಲ ಸಿದ್ಧವಾದ ಮರುದಿನ ಬೆಳಗಿನ ಜಾವ ಗಂಡ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದರು. ಇಪ್ಪತ್ತು ನಿಮಿಷ ಬರೀ ಗೊರಗೊರ. ಐದು ನಲವತ್ತೆರಡು ಬಂತು, ಹೋಯಿತು. ಆಮೇಲೆ ‘ಟಿಣ್’ ಎಂದಿತು: ಪರದೆಯ ಮೇಲೆ ಮೇಷ್ಟ್ರ ಕರೆಗುರುತು, ಪಕ್ಕದಲ್ಲಿ ನನ್ನ ಸಂಕೇತದ ಬಲಕ್ಕೆ ಅವರು ಕೊಟ್ಟ ಅಂಕ. ನಾನು ಉತ್ತರ ಕಳಿಸಿದೆ. ಹದಿನೈದು ಕಳಿಸು, ಹದಿನೈದು ಕೇಳು. ಮತ್ತೆ ಕಳಿಸು, ಮತ್ತೆ ಕೇಳು. ಎಷ್ಟು ಸಲವೋ. ಕೊನೆಗೊಂದು ಉಲ್ಕೆ ನಮ್ಮ ಪಾಲಿಗೆ ಉರಿಯಿತು. ಎರಡು ತಿಂಗಳು ಬಾರದಿದ್ದ ಒಪ್ಪಿಗೆ ಒಂದೇ ಸಾಲಿನಲ್ಲಿ ಬಂದು ಕೂತಿತು.

“ಬಂತಾ?”

“ಬಂತು ಅಂಕಲ್! ಪೂರ್ತಿ ಆಯ್ತು!”

ಓನರ್ ಪ್ಯಾರಪೆಟ್‌ಗೆ ಓಡಿ ಇಡೀ ಗಲ್ಲಿಗೆ ಕೂಗಿದರು: “ಕಲ್ಕತ್ತಾ ಬಂತ್ರೋ!”

“ಬಂದಿದ್ರೆ ಕಾಫಿ ಕುಡ್ಕೊಂಡ್ ಹೋಗಕ್ಕೆ ಹೇಳಿ,” ಎಂದರು ಅವರ ಹೆಂಡತಿ. ನಗು ತಡೆಯಲು ಸೆರಗು ಬಾಯಿಗೆ ಹೋಗಿತ್ತು.

ಅಂದು ರಾತ್ರಿ ಅಲಾರಂ ಇಡದೆ ಮಲಗಿದೆ. ಕನಸು ಬಿದ್ದಿದ್ದರೂ ನೆನಪಿಲ್ಲ. ಓನರ್ ಬಾಗಿಲು ದಬದಬ ಬಡಿದ ಸದ್ದಿಗೆ ಎದ್ದಾಗ ಬಿಸಿಲು ಹಾಸಿಗೆಯ ಮೇಲಿತ್ತು.

“ಏಳಪ್ಪಾ, ಟ್ಯಾಂಕ್ ತುಂಬಿ ಹರೀತಿದೆ, ಕಿವಿಗೆ ಬೀಳ್ಲಿಲ್ವಾ? ಎಂಟು ಗಂಟೆ ಆಯ್ತು!”